ಭರಣಿಯ ಚಿಲ್ಲರೆ ಯಾರದು?



ಧನದ ಮಾತು ಬಂದಾಗ ಮನಸ್ಸು ದೊಡ್ಡ ಮೊತ್ತದ ಕಡೆಗೇ ಹರಿಯುತ್ತದೆ. ಲಕ್ಷ ಕೋಟಿಗಳ ಲೆಕ್ಕದಲ್ಲಿ ತಪ್ಪು ನಡೆದರೆ ಲೋಕ ಎಚ್ಚರಗೊಳ್ಳುತ್ತದೆ. ಒಂದು ರೂಪಾಯಿ, ಎಂಟಾಣೆಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಕೇಳಿದವನನ್ನು ಜಿಪುಣನೆಂದು ನಗುವುದೂ ಉಂಟು. ಆದರೆ ಕಲ್ಯಾಣದ ಶರಣರು ಕಾಯಕದ ಶುದ್ಧಿಯನ್ನು ಹಿಡಿ ಅಕ್ಕಿಯಲ್ಲಿಯೂ ಅಳೆದು ನೋಡಿದರು. ಅಂಥದೇ ಒಂದು ಸಣ್ಣ ಅಳತೆಯ ಪ್ರಸಂಗ ಬೈಲಕುಪ್ಪೆಯ ಒಂದು ಮನೆಯಲ್ಲಿ ನಡೆಯಿತು. ಅಲ್ಲಿ ಅಳೆಯಬೇಕಾಗಿ ಬಂದದ್ದು ಒಂದು ಭರಣಿ ತುಂಬ ಚಿಲ್ಲರೆ.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಇಂದು ನಾಡಿನಾಚೆಗೂ ಪರಿಚಿತವಾದ ಊರು. 1960ರ ದಶಕದ ಆರಂಭದಲ್ಲಿ ಇಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಸ್ಥಾಪನೆಯಾಯಿತು. 1963ರಲ್ಲಿ ನಾಮ್‌ಡ್ರೋಲಿಂಗ್ ವಿಹಾರ ಆರಂಭವಾಯಿತು. ಅಲ್ಲಿನ ಸುವರ್ಣ ಮಂದಿರವು 1999ರಲ್ಲಿ ತೆರೆದ ಮೇಲೆ ಪ್ರವಾಸಿಗರ ಸಂಖ್ಯೆ ಬೆಳೆಯುತ್ತ ಬಂತು. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ಈ ಭಾಗವನ್ನು ಹಾದು, ಕಾವೇರಿಯನ್ನು ದಾಟಿ, ಕುಶಾಲನಗರವನ್ನು ಸೇರುತ್ತದೆ. ಈ ಹೆದ್ದಾರಿಯ ಬದಿಯಲ್ಲಿ, ಬಸ್ಸು ನಿಲ್ಲುವ ಜಾಗದಲ್ಲಿ, 1986ರಲ್ಲಿ ಒಬ್ಬ ಲಿಂಗಾಯತ ಗೃಹಸ್ಥರು ಒಂದು ಪೆಟ್ಟಿಗೆ ಅಂಗಡಿಯನ್ನು ಇಟ್ಟರು. ಬಾಳೆಹಣ್ಣು, ಕಡಲೆಮಿಠಾಯಿ, ವೀಳ್ಯದೆಲೆ, ಊದುಬತ್ತಿ, ಬೆಂಕಿಪೊಟ್ಟಣ, ಮಕ್ಕಳಿಗೆ ಬೇಕಾದ ಪೆನ್ಸಿಲ್ಲು ಇವಿಷ್ಟೇ ಅವರ ಸರಕು. ಹೊಗೆಸೊಪ್ಪು ಬೆಳೆಯುವ ರೈತರು, ಕ್ಯಾಂಪಿನ ಟಿಬೆಟನ್ ಹಿರಿಯರು, ಶಾಲೆಯ ಮಕ್ಕಳು, ಬಸ್ಸಿಗೆ ಕಾದು ನಿಂತ ದಾರಿಹೋಕರು ಅವರ ಗಿರಾಕಿಗಳು.

ಆ ಕಾಲದಲ್ಲಿ ಚಿಲ್ಲರೆಯ ಅಭಾವ ಬಹಳವಾಗಿತ್ತು. ಎರಡು ರೂಪಾಯಿಯ ವಸ್ತುವಿಗೆ ಹತ್ತರ ನೋಟನ್ನು ಕೊಟ್ಟರೆ ಅಂಗಡಿಯವನ ಗಲ್ಲಾ ಪೆಟ್ಟಿಗೆಯಲ್ಲಿ ಉಳಿದ ಹಣ ಇರುತ್ತಿರಲಿಲ್ಲ. ಬಸ್ಸಿನಲ್ಲಿ ನಿರ್ವಾಹಕರು ಟಿಕೆಟ್ಟಿನ ಹಿಂಬದಿಯಲ್ಲಿ ಬಾಕಿಯನ್ನು ಬರೆದು ಕೊಡುತ್ತಿದ್ದರು. ಇಳಿಯುವ ಆತುರದಲ್ಲಿ ಎಷ್ಟೋ ಜನ ಅದನ್ನು ಕೇಳಲು ಮರೆಯುತ್ತಿದ್ದರು. ಅಂಗಡಿಗಳಲ್ಲಿ ಒಂದು ರೂಪಾಯಿ ಬಾಕಿಯ ಬದಲು ಒಂದು ಚಾಕೊಲೇಟನ್ನು ಕೈಗಿಡುವ ವಾಡಿಕೆ ಬೆಳೆಯಿತು. ಈ ಗೃಹಸ್ಥರು ಮಾತ್ರ ಆ ವಾಡಿಕೆಯನ್ನು ಒಪ್ಪಲಿಲ್ಲ. ಬೇಡದ ಸರಕನ್ನು ಬಾಕಿಯ ಬದಲು ಹೊರಿಸುವುದು ವ್ಯಾಪಾರವಲ್ಲ ಎಂಬುದು ಅವರ ನಿಲುವಾಗಿತ್ತು. "ನಾಳೆ ಬಂದಾಗ ಇಸಕೊಳ್ಳಿ" ಎಂದು ಹೇಳುತ್ತಿದ್ದರು. ಸಂಜೆ ಅಂಗಡಿ ಮುಚ್ಚುವಾಗ ಆ ದಿನ ಯಾರು ಯಾರಿಗೆ ಎಷ್ಟು ಉಳಿಯಿತೆಂದು ನೆನೆದು, ಅಷ್ಟು ಚಿಲ್ಲರೆಯನ್ನು ಬೇರೆ ತೆಗೆದು ಮನೆಗೆ ತರುತ್ತಿದ್ದರು. ಮರುದಿನ ಬಂದು ಕೇಳಿದವರಿಗೆ ಗಲ್ಲಾದಿಂದ ಕೊಡುತ್ತಿದ್ದರು. ಕೇಳದೆ ಹೋದವರ ಪಾಲು ಮನೆಯ ಅಟ್ಟದ ಕೆಳಗಿದ್ದ ಹಳೆಯ ಉಪ್ಪಿನಕಾಯಿ ಭರಣಿಯಲ್ಲಿ ಉಳಿಯುತ್ತಿತ್ತು.

ವರ್ಷಗಳು ಉರುಳಿದವು. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ಮುಚ್ಚಿದ ಅಂಗಡಿ ಮತ್ತೆ ತೆರೆಯಲಿಲ್ಲ. 2021ರಲ್ಲಿ ಆ ಗೃಹಸ್ಥರು ಲಿಂಗೈಕ್ಯರಾದರು. ಭರಣಿ ಇದ್ದಲ್ಲಿಯೇ ಇತ್ತು. ಅವರ ಧರ್ಮಪತ್ನಿ ಪ್ರತಿದಿನ ಅದರ ಮೇಲಿನ ಧೂಳನ್ನು ಒರೆಸುತ್ತಿದ್ದರೇ ಹೊರತು ಮುಚ್ಚಳವನ್ನು ತೆಗೆಯುತ್ತಿರಲಿಲ್ಲ.

ಮುಚ್ಚಳ ತೆಗೆಯುವ ಸಂದರ್ಭ 2024ರ ಜೂನ್ ತಿಂಗಳಿನಲ್ಲಿ ಬಂತು. ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮೊಮ್ಮಗಳ ಹಾಸ್ಟೆಲಿಗೆ 8,000 ರೂಪಾಯಿ ಕಟ್ಟಬೇಕಾಗಿತ್ತು. ಮಗನ ಕೈಯಲ್ಲಿ ಆ ತಿಂಗಳು ಹಣವಿರಲಿಲ್ಲ. ಅವನ ಕಣ್ಣು ಭರಣಿಯ ಮೇಲೆ ಬಿತ್ತು. "ಅವ್ವ, ಅಪ್ಪ ಕೂಡಿಟ್ಟದ್ದು ಅಲ್ಲೇ ಕೊಳೀತಾ ಇದೆ. ಈಗ ಅಲ್ಲದಿದ್ದರೆ ಇನ್ಯಾವಾಗ?" ಎಂದು ಕೇಳಿದನು. ತಾಯಿ ಉತ್ತರ ಕೊಡಲಿಲ್ಲ. ಬೇಡವೆಂದೂ ಹೇಳಲಿಲ್ಲ. ಇಬ್ಬರು ಹಿಡಿದು ಭರಣಿಯನ್ನು ಪಡಸಾಲೆಗೆ ತಂದರು. ಚಾಪೆಯ ಮೇಲೆ ಹಳೆಯ ಪಂಚೆಯೊಂದನ್ನು ಹಾಸಿ ಅದರಲ್ಲಿದ್ದುದನ್ನು ಸುರಿದರು.

ಮೂವತ್ತನಾಲ್ಕು ವರ್ಷಗಳ ಇತಿಹಾಸ ಆ ಪಂಚೆಯ ಮೇಲೆ ಹರಡಿಕೊಂಡಿತು. ಅಂಚು ಅಲೆಅಲೆಯಾಗಿದ್ದ ಹತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯಗಳಿದ್ದವು. ಆರು ಮೂಲೆಯ ಇಪ್ಪತ್ತು ಪೈಸೆಗಳಿದ್ದವು. ಘೇಂಡಾಮೃಗದ ಚಿತ್ರವಿದ್ದ ಇಪ್ಪತ್ತೈದು ಪೈಸೆಗಳಿದ್ದವು. ಈ ಕೊನೆಯದನ್ನು ಜನ ಕೊನೆಯವರೆಗೂ ನಾಲ್ಕಾಣೆ ಎಂದೇ ಕರೆದರು. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು, ಹದಿನಾರಾಣೆಯ ರೂಪಾಯಿ ನೂರು ಪೈಸೆಯ ರೂಪಾಯಿಯಾದ ಮೇಲೂ ಆಣೆ ಎಂಬ ಮಾತು ನಾಲಿಗೆಯಿಂದ ಹೋಗಲಿಲ್ಲ. ಭಾರತದ ನಕ್ಷೆಯಿದ್ದ ಹನ್ನೊಂದು ಮೂಲೆಯ ಎರಡು ರೂಪಾಯಿಗಳು, ಹಳೆಯ ದಪ್ಪ ಐದು ರೂಪಾಯಿಗಳು, 2009ರಿಂದ ಚಲಾವಣೆಗೆ ಬಂದ ಎರಡು ಬಣ್ಣದ ಹತ್ತು ರೂಪಾಯಿಗಳು ಎಲ್ಲವೂ ಬೆರೆತುಕೊಂಡಿದ್ದವು. ಹತ್ತು ರೂಪಾಯಿಯ ನಾಣ್ಯ ಬಾಕಿಯ ಭರಣಿಗೆ ಹೇಗೆ ಬಂತೆಂಬುದು ತಾಯಿಗೆ ಗೊತ್ತಿತ್ತು. ಆ ನಾಣ್ಯ ನಡೆಯುವುದಿಲ್ಲವೆಂಬ ಗಾಳಿಮಾತು ಊರಿಂದೂರಿಗೆ ಹಬ್ಬಿದಾಗ, ಗಿರಾಕಿಗಳು ಅದನ್ನು ತೆಗೆದುಕೊಳ್ಳದೆ "ನೋಟು ಬಂದಾಗ ಕೊಡಿ" ಎಂದು ಬಿಟ್ಟು ಹೋಗಿದ್ದರು.

ಮೊಮ್ಮಗಳು ಒಂದು ದಿನವಿಡೀ ಕುಳಿತು ನಾಣ್ಯಗಳನ್ನು ಬೇರ್ಪಡಿಸಿದಳು. ಹತ್ತರ ನಾಣ್ಯ 96, ಐದರದು 312, ಎರಡರದು 865, ಒಂದರದು 1,940, ಐವತ್ತು ಪೈಸೆಯದು 418. ಇವುಗಳ ಮೊತ್ತ 6,399 ರೂಪಾಯಿ. ಇವಲ್ಲದೆ ಇಪ್ಪತ್ತೈದು ಪೈಸೆಯವು 344, ಇಪ್ಪತ್ತರವು 60, ಹತ್ತರವು 120. ಅಂದರೆ ಮುಖಬೆಲೆಯಲ್ಲಿ 110 ರೂಪಾಯಿ. ಈ ಎರಡನೆಯ ರಾಶಿಯನ್ನು ಅವಳು ಪ್ರತ್ಯೇಕವಾಗಿ ಇಟ್ಟಳು. ಏಕೆಂದರೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಮಾನ್ಯತೆ 2011ರ ಜೂನ್ 30ರಿಂದ ರದ್ದಾಗಿದೆ. ಅದರ ಹಿಂದಿನ ದಿನದವರೆಗೆ ಬ್ಯಾಂಕುಗಳು ಅವನ್ನು ಬದಲಾಯಿಸಿ ಕೊಡುತ್ತಿದ್ದವು. ಆಮೇಲೆ ಅವು ಬರಿಯ ಲೋಹದ ಬಿಲ್ಲೆಗಳು. ಐವತ್ತು ಪೈಸೆಯನ್ನು ಇಂದು ಅಂಗಡಿಯವರು ಮುಟ್ಟದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ಈಗಲೂ ಸಲ್ಲುವ ನಾಣ್ಯವೇ.

ಸತ್ತ ನಾಣ್ಯಗಳ ರಾಶಿಯನ್ನು ಕಂಡು ಮಗನಿಗೆ ಒಂದು ಆಸೆ ಹುಟ್ಟಿತು. ಘೇಂಡಾಮೃಗದ ನಾಲ್ಕಾಣೆಗೆ ಒಂದೂವರೆ ಲಕ್ಷ ರೂಪಾಯಿ ಕೊಡುತ್ತೇವೆಂಬ ಸಂದೇಶ ಅವನ ಮೊಬೈಲಿಗೆ ಬಂದಿತ್ತು. ಅದರಲ್ಲಿ ರಿಸರ್ವ್ ಬ್ಯಾಂಕಿನ ಮುದ್ರೆಯೂ ಇತ್ತು. ಮೊದಲು 1,500 ರೂಪಾಯಿ ನೋಂದಣಿ ಶುಲ್ಕ ಕಳುಹಿಸಬೇಕು ಎಂದಿತ್ತು. ಮನೆಯಲ್ಲಿ ಇದ್ದುದು ಒಂದಲ್ಲ, ಮುನ್ನೂರ ನಲವತ್ತನಾಲ್ಕು ನಾಣ್ಯ! ಅವನು ಮನಸ್ಸಿನಲ್ಲಿಯೇ ಗುಣಿಸತೊಡಗಿದ್ದನು. ಮಗಳು ತಂದೆಯ ಕೈಯಿಂದ ಮೊಬೈಲನ್ನು ತೆಗೆದುಕೊಂಡು, ಇಂಥ ಆಮಿಷಗಳ ವಿರುದ್ಧ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದ್ದನ್ನು ಓದಿ ಹೇಳಿದಳು. ಹಳೆಯ ನೋಟು ನಾಣ್ಯಗಳ ಮಾರಾಟದಲ್ಲಿ ಆ ಬ್ಯಾಂಕು ಭಾಗಿಯಾಗಿಲ್ಲ. ಅದಕ್ಕಾಗಿ ಯಾರಿಂದಲೂ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ. ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ನಿಜವಾಗಿ ಅಪರೂಪವಾದ ನಾಣ್ಯಗಳಿಗೆ ಸಂಗ್ರಾಹಕರು ಬೆಲೆ ಕೊಡುತ್ತಾರೆಂಬುದು ಸತ್ಯ. ಆದರೆ ಕೋಟಿಗಟ್ಟಲೆ ಅಚ್ಚಾದ, ಕೈಯಿಂದ ಕೈಗೆ ಸವೆದ ನಾಲ್ಕಾಣೆ ಅಪರೂಪದ್ದಲ್ಲ. ಆಸೆಗೆ ಬಿದ್ದಿದ್ದರೆ ಹಾಸ್ಟೆಲಿನ ಹಣದ ಚಿಂತೆಯ ಜೊತೆಗೆ 1,500 ರೂಪಾಯಿಯ ನಷ್ಟವೂ ಸೇರುತ್ತಿತ್ತು.

ಮಗನು ಸಲ್ಲುವ ನಾಣ್ಯಗಳನ್ನು ಎರಡು ಚೀಲಗಳಲ್ಲಿ ತುಂಬಿ ಸಮೀಪದ ಪಟ್ಟಣದ ಒಂದು ಬ್ಯಾಂಕಿಗೆ ಒಯ್ದನು. ಅಂದು ಕೌಂಟರಿನ ಮುಂದೆ ಸಾಲು ಉದ್ದವಾಗಿತ್ತು. ಎಣಿಸಲು ಜನರಿಲ್ಲವೆಂದೂ, ಯಂತ್ರವಿಲ್ಲವೆಂದೂ ಹೇಳಿ ಚೀಲವನ್ನು ಹಿಂದಿರುಗಿಸಿದರು. ದಾರಿಯಲ್ಲಿ ಒಬ್ಬ ಪರಿಚಿತರು ಚಿಲ್ಲರೆಯನ್ನು ತಾವೇ ತೆಗೆದುಕೊಳ್ಳುವುದಾಗಿಯೂ, ನೂರಕ್ಕೆ ಹತ್ತು ರೂಪಾಯಿ ಮುರಿದುಕೊಳ್ಳುವುದಾಗಿಯೂ ಹೇಳಿದರು. ಚಿಲ್ಲರೆಗೆ ಅಭಾವವಿದ್ದಾಗ ಅಂಗಡಿಯವರೇ ಹೆಚ್ಚು ಹಣ ಕೊಟ್ಟು ಚಿಲ್ಲರೆಯನ್ನು ಕೊಂಡದ್ದುಂಟು. ಈಗ ಅದೇ ಚಿಲ್ಲರೆಯನ್ನು ಕೊಡುವವನೇ ಹಣ ಬಿಡಬೇಕಾದ ಕಾಲ ಬಂದಿತ್ತು. ಇದಕ್ಕೆ ಕಾರಣ ಎಲ್ಲರ ಕಣ್ಣೆದುರಿಗೇ ಇದೆ. 2016ರಲ್ಲಿ ಆರಂಭವಾದ ಯುಪಿಐ ಪಾವತಿ ಇಂದು ಬಾಳೆಹಣ್ಣಿನ ಗಾಡಿಯವರೆಗೂ ಬಂದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ ಮೇಲೆ, ಟಿಕೆಟ್ಟಿಗೆಂದು ಸೆರಗಿನಲ್ಲಿ ಚಿಲ್ಲರೆ ಕಟ್ಟಿಕೊಳ್ಳುವ ಅಗತ್ಯವೂ ಆ ತಾಯಂದಿರಿಗೆ ಉಳಿದಿಲ್ಲ.

ಮನೆಗೆ ಬಂದ ಮಗನು ಹತ್ತು ಪಾಲು ಹೋದರೂ ಸರಿ, ಕೊಟ್ಟುಬಿಡುವುದೇ ಮೇಲು ಎಂದನು. ಆಗ ತಾಯಿ ಮೊದಲ ಸಲ ಬಾಯಿ ತೆರೆದರು. "ಅದು ನಮ್ಮ ದುಡ್ಡಲ್ಲ ಕಣಪ್ಪ. ಒಂದು ಪಾಲನ್ನೂ ಬಿಡೋ ಹಕ್ಕು ನಮಗಿಲ್ಲ" ಎಂದರು.

ಮಗನಿಗೆ ಅಚ್ಚರಿಯಾಯಿತು. ತಂದೆ ಉಳಿತಾಯ ಮಾಡುತ್ತಿದ್ದಾರೆಂದೇ ಅವನು ಬಾಲ್ಯದಿಂದ ತಿಳಿದಿದ್ದನು. ತಾಯಿ ಅಂದು ಭರಣಿಯ ಕಥೆಯನ್ನು ಪೂರ್ಣವಾಗಿ ಹೇಳಿದರು. ಅದರಲ್ಲಿದ್ದ ಒಂದೊಂದು ನಾಣ್ಯವೂ ಯಾರೋ ಒಬ್ಬರಿಗೆ ಕೊಡಬೇಕಾಗಿದ್ದು, ಕೊಡದೆ ಉಳಿದದ್ದು. ಕೂಡಿಟ್ಟದ್ದು ಬೇರೆ, ಉಳಿದುಕೊಂಡದ್ದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಭರಣಿಯಲ್ಲಿರುತ್ತವೆ, ಎರಡೂ ಒಂದೇ ಸದ್ದು ಮಾಡುತ್ತವೆ. ಒಳಗಿನ ಭೇದ ಇಟ್ಟವರಿಗೆ ಮಾತ್ರ ಗೊತ್ತು.

ಈ ಭೇದವನ್ನು ಅರಿತ ಶರಣ ದಂಪತಿಗಳ ಪ್ರಸಂಗವನ್ನು ಭಕ್ತರೆಲ್ಲರೂ ಬಲ್ಲರು. ಆಯ್ದಕ್ಕಿ ಮಾರಯ್ಯನವರ ಕಾಯಕ ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ಜಂಗಮ ದಾಸೋಹ, ಅದರಿಂದಲೇ ಮನೆಯ ಬದುಕು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರೆಂದೂ, ಪತ್ನಿ ಲಕ್ಕಮ್ಮನವರು ಅದನ್ನು ಒಲೆಯ ಬಳಿಗೆ ಒಯ್ಯದೆ, ಹೆಚ್ಚಿದ್ದನ್ನು ತಂದ ಜಾಗದಲ್ಲಿಯೇ ಸುರಿದು ಬರುವಂತೆ ಹೇಳಿದರೆಂದೂ ಶರಣ ಪರಂಪರೆ ಹೇಳುತ್ತದೆ. ಆ ಅಕ್ಕಿ ಕದ್ದದ್ದಲ್ಲ. ಯಾರೂ ಅದನ್ನು ಬೇಡಿ ಬಂದಿರಲಿಲ್ಲ. ನೆಲದ ಮೇಲೆ ಬಿದ್ದದ್ದನ್ನು ಆಯ್ದದ್ದು ಮಾತ್ರ. ಆದರೂ ಅದು ತಮ್ಮ ಪಾಲಿಗಿಂತ ಹೆಚ್ಚಿನದೆಂದು ಆ ತಾಯಿ ಕಂಡರು. ಬಡವರ ಮನೆಯ ಅಡುಗೆಯವಳು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸುವುದು ಸುಲಭದ ಮಾತೇ? ಸಿರಿವಂತನು ಲಕ್ಷವನ್ನು ದಾನ ಮಾಡಿದಾಗ ಅವನ ಊಟ ಕಡಿಮೆಯಾಗುವುದಿಲ್ಲ. ಲಕ್ಕಮ್ಮನವರ ತೀರ್ಮಾನದ ತೂಕ ಇರುವುದು ಇಲ್ಲಿಯೇ.

ಬೈಲಕುಪ್ಪೆಯ ಆ ಮನೆಯಲ್ಲಿಯೂ ತೀರ್ಮಾನ ಸುಲಭದ್ದಾಗಿರಲಿಲ್ಲ. ಹಾಸ್ಟೆಲಿನ ಗಡುವು ಹತ್ತಿರವಾಗಿತ್ತು. ಮೊಮ್ಮಗಳು ನೇರವಾಗಿಯೇ ಕೇಳಿದಳು: "ಅಜ್ಜಿ, ಅಷ್ಟು ನೇಮದ ತಾತ ಇದನ್ನ ಆಗಲೇ ಯಾಕೆ ವಾಪಸ್ ಕೊಡಲಿಲ್ಲ? ಊರಲ್ಲಿ ಚಿಲ್ಲರೆ ಇಲ್ಲ ಅಂತ ಜನ ಪರದಾಡುವಾಗ ಇದು ಭರಣೀಲಿ ಕೂತಿತ್ತಲ್ಲ?" ಪ್ರಶ್ನೆ ಹರಿತವಾಗಿತ್ತು. ಅಜ್ಜಿ ಪತಿಯನ್ನು ಸಮರ್ಥಿಸಲು ಹೋಗಲಿಲ್ಲ. "ನಾಳೆ ಬರ್ತಾರೆ ಅಂದುಕೊಂಡ್ರು ಕಣವ್ವ. ನಾಳೆ ನಾಳೆ ಅಂತಲೇ ನಾಲ್ಕಾಣೆ ಸತ್ತುಹೋಯ್ತು" ಎಂದರು.

ಈ ಒಂದು ಮಾತಿನಲ್ಲಿ ಇಡೀ ಪ್ರಸಂಗದ ಸಾರವಿದೆ. 2011ರ ಜೂನ್ 29ರವರೆಗೆ ಆ ನಾಲ್ಕಾಣೆಗಳಿಗೆ ಬೆಲೆಯಿತ್ತು. ಅಷ್ಟರೊಳಗೆ ಕೊಟ್ಟಿದ್ದರೆ ಪಡೆದವನಿಗೆ ಒಂದು ಬೆಂಕಿಕಡ್ಡಿಯಾದರೂ ಸಿಗುತ್ತಿತ್ತು. ಪರರ ಪಾಲನ್ನು ಮುಟ್ಟದೆ ಕಾಪಾಡಿದರು, ನಿಜ. ಆದರೆ ಕಾಪಾಡಿದ್ದಷ್ಟೇ ಆಯಿತು, ತಲುಪಿಸಿದ್ದಾಗಲಿಲ್ಲ. ಪ್ರಾಮಾಣಿಕತೆಯೂ ಭರಣಿಯೊಳಗೆ ಬಹಳ ಕಾಲ ಕುಳಿತರೆ ಮಾನ್ಯತೆಯನ್ನು ಕಳೆದುಕೊಳ್ಳುತ್ತದೆ.

ಮರುದಿನದಿಂದ ಅಜ್ಜಿ ಮತ್ತು ಮೊಮ್ಮಗಳು ನೆನಪಿದ್ದವರನ್ನು ಹುಡುಕಿಕೊಂಡು ಹೊರಟರು. ಮೂವತ್ತನಾಲ್ಕು ವರ್ಷಗಳ ಗಿರಾಕಿಗಳಲ್ಲಿ ಅಜ್ಜಿಗೆ ಖಚಿತವಾಗಿ ನೆನಪಿದ್ದದ್ದು ಏಳು ಜನ. ಅವರಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದರು. ಕ್ಯಾಂಪಿನ ಒಬ್ಬ ವೃದ್ಧೆ, ಊರಿನವರೆಲ್ಲ ಅಮಾಲಾ ಎಂದು ಕರೆಯುವವರು, ಇದ್ದರು. ಮೇಷ್ಟ್ರು ನಕ್ಕು, "ಎರಡು ರೂಪಾಯಿಗೆ ಇಷ್ಟು ದೂರ ಬಂದ್ರಾ ತಾಯಿ?" ಎಂದು ಬೇಡವೆಂದರು. ಅಜ್ಜಿ ನಾಣ್ಯವನ್ನು ಅವರ ಜಗಲಿಯ ಮೇಲಿಟ್ಟು, "ಬೇಡ ಅನ್ನೋದು ನಿಮ್ಮ ದೊಡ್ಡತನ. ಕೊಡೋದು ನಮ್ಮ ಋಣ" ಎಂದು ಕೈ ಮುಗಿದರು. ಅಮಾಲಾ ಮಾತ್ರ ಏನನ್ನೂ ಕೇಳದೆ ಹತ್ತರ ನಾಣ್ಯವನ್ನು ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಇಬ್ಬರಿಗೂ ಚಹಾ ಕೊಟ್ಟು ಕಳುಹಿಸಿದರು. ಹೀಗೆ ಏಳು ಜನರಿಗೆ ತಲುಪಿದ್ದು ಒಟ್ಟು 64 ರೂಪಾಯಿ. ಉಳಿದದ್ದು 6,335.

ಉಳಿದುದರ ಒಡೆಯರು ಯಾರೆಂದು ತಿಳಿಯುವ ಬಗೆಯಿರಲಿಲ್ಲ. ಅವರು ಬಸ್ಸು ಹತ್ತಿ ಹೋದ ದಾರಿಹೋಕರು. ಅಜ್ಜಿ ಎರಡು ದಿನ ಯೋಚಿಸಿ, ದಾರಿಹೋಕರ ಹಣ ದಾರಿಹೋಕರಿಗೇ ಹೋಗಬೇಕೆಂದು ನಿಶ್ಚಯಿಸಿದರು. ಬೇಸಿಗೆಯಲ್ಲಿ ಅದೇ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಅರವಟ್ಟಿಗೆ. ಆ ಹಣ ನೀರಾಗಿ ಸೇರಬೇಕಾದವರಿಗೆ ಸೇರಲಿ. ಅವರಲ್ಲಿ ಯಾರಾದರೊಬ್ಬರು ಹಳೆಯ ಗಿರಾಕಿಯಾಗಿದ್ದರೂ ಆಗಿರಬಹುದು.

ಅದಕ್ಕೆ ಮೊದಲು ಚಿಲ್ಲರೆ ಹಣವಾಗಬೇಕಿತ್ತು. ಮೊಮ್ಮಗಳು ಈ ಸಲ ಸಿದ್ಧತೆ ಮಾಡಿಕೊಂಡಳು. ಪ್ರತಿಯೊಂದು ಬೆಲೆಯ ನಾಣ್ಯವನ್ನೂ ನೂರು ನೂರರಂತೆ ಎಣಿಸಿ, ಸಣ್ಣ ಪಾಲಿಥೀನ್ ಚೀಲಗಳಲ್ಲಿ ತುಂಬಿ, ಮೇಲೆ ಸಂಖ್ಯೆ ಮತ್ತು ಮೊತ್ತವನ್ನು ಬರೆದಳು. ತುಂಬಿದ ಪೊಟ್ಟಣಗಳು ಮೂವತ್ತನಾಲ್ಕಾದವು. ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಟ್ಟಿರುವ ಸೂಚನೆಯೂ ಇದೇ: ಯಾವ ಶಾಖೆಯೂ ಕೌಂಟರಿಗೆ ತಂದ ನಾಣ್ಯಗಳನ್ನು ನಿರಾಕರಿಸುವಂತಿಲ್ಲ; ಒಂದು ಮತ್ತು ಎರಡು ರೂಪಾಯಿಯ ನಾಣ್ಯಗಳನ್ನು ತೂಕದ ಮೇಲೂ ಸ್ವೀಕರಿಸಬಹುದು; ನೂರರ ಪೊಟ್ಟಣಗಳಾಗಿ ತಂದರೆ ಗ್ರಾಹಕರಿಗೂ ಗುಮಾಸ್ತರಿಗೂ ಅನುಕೂಲ. 2011ರ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿ ಮತ್ತು ಮೇಲ್ಪಟ್ಟ ನಾಣ್ಯಗಳು 1,000 ರೂಪಾಯಿಯ ಮೊತ್ತದವರೆಗೆ, ಐವತ್ತು ಪೈಸೆ 10 ರೂಪಾಯಿಯ ಮೊತ್ತದವರೆಗೆ ಕಾನೂನುಬದ್ಧ ಪಾವತಿಯಾಗುತ್ತವೆ. ಅದಕ್ಕಿಂತ ಹೆಚ್ಚು ಚಿಲ್ಲರೆಯನ್ನು ಒಮ್ಮೆಗೇ ತೆಗೆದುಕೊಳ್ಳುವಂತೆ ಅಂಗಡಿಯವನನ್ನು ಒತ್ತಾಯಿಸಲಾಗದು. ಆದರೆ ಖಾತೆಗೆ ಜಮಾ ಮಾಡುವಾಗ ಬ್ಯಾಂಕು ಎಷ್ಟು ನಾಣ್ಯವನ್ನಾದರೂ ಸ್ವೀಕರಿಸಬಹುದು. ಹತ್ತು ರೂಪಾಯಿಯ ವಿಷಯದಲ್ಲಿ, ಬೇರೆ ಬೇರೆ ಕಾಲಕ್ಕೆ ಬಂದ 14 ವಿನ್ಯಾಸಗಳೂ ಸಲ್ಲುತ್ತವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟವಾಗಿ ಪ್ರಕಟಿಸಿದೆ. ರೂಪಾಯಿಯ ಚಿಹ್ನೆ ಇದ್ದದ್ದೂ ಸರಿ, ಇಲ್ಲದ್ದೂ ಸರಿ.

ಮೊಮ್ಮಗಳು ಮಧ್ಯಾಹ್ನದ ಮೇಲೆ, ಜನದಟ್ಟಣೆ ಇಲ್ಲದ ವೇಳೆಯಲ್ಲಿ, ಅದೇ ಬ್ಯಾಂಕಿಗೆ ಹೋದಳು. ವಾದ ಮಾಡಲಿಲ್ಲ. ಪೊಟ್ಟಣಗಳನ್ನು ಸಾಲಾಗಿ ಜೋಡಿಸಿ, ಜಮಾ ಚೀಟಿಯಲ್ಲಿ ವಿವರ ತುಂಬಿ, ಸೂಚನೆಯ ಪ್ರತಿಯನ್ನು ವಿನಯದಿಂದ ಮುಂದಿಟ್ಟಳು. ಗುಮಾಸ್ತರು ಎರಡು ಪೊಟ್ಟಣಗಳನ್ನು ಎಣಿಸಿ ನೋಡಿದರು, ಸರಿಯಾಗಿತ್ತು. ಉಳಿದವನ್ನು ತೂಗಿ ನೋಡಿ ಸ್ವೀಕರಿಸಿದರು. ಅರ್ಧ ಗಂಟೆಯಲ್ಲಿ 6,335 ರೂಪಾಯಿ ಅಜ್ಜಿಯ ಖಾತೆಗೆ ಜಮಾ ಆಯಿತು. ಒಂದು ಪೈಸೆಯ ವಟ್ಟವೂ ಹೋಗಲಿಲ್ಲ.

ಇನ್ನು ಹಾಸ್ಟೆಲಿನ ಹಣ. ಅಜ್ಜಿಯ ಹೆಸರಿಗೆ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2,000 ರೂಪಾಯಿ ಬರುತ್ತಿತ್ತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಆ ಯೋಜನೆಯ ಕಂತುಗಳನ್ನು ಅವರು ಖರ್ಚು ಮಾಡದೆ ಇಟ್ಟಿದ್ದರು. ಅಡುಗೆಮನೆಯ ಮೇಲಿನ ಹೆಂಚು ಒಡೆದು ಸೋರುತ್ತಿತ್ತು. ಅದನ್ನು ಈ ಮಳೆಗಾಲಕ್ಕೆ ಮುನ್ನ ಹೊದಿಸಬೇಕೆಂಬುದು ಅವರ ಆಸೆ. ಆ ಹಣದಿಂದ 8,000 ರೂಪಾಯಿಯನ್ನು ತೆಗೆದು ಮೊಮ್ಮಗಳ ಕೈಗಿಟ್ಟರು. "ಇದು ನನ್ನದು. ಇದನ್ನ ಯಾರಿಗೆ ಬೇಕಾದರೂ ಕೊಡಬಹುದು" ಎಂದರು. ಆಮೇಲೆ ಇನ್ನೂ 110 ರೂಪಾಯಿಯನ್ನು ಎಣಿಸಿ ಅರವಟ್ಟಿಗೆಯ ಹಣಕ್ಕೆ ಸೇರಿಸಿದರು. ಅದು ಸತ್ತುಹೋದ ನಾಲ್ಕಾಣೆಗಳ ಬೆಲೆ. ನಾಣ್ಯಕ್ಕೆ ಮಾನ್ಯತೆ ಹೋಗಿರಬಹುದು, ಬಾಕಿಗೆ ಹೋಗಿಲ್ಲವೆಂಬುದು ಅವರ ಲೆಕ್ಕ. ಆ ವರ್ಷದ ಮಳೆಗಾಲವೆಲ್ಲ ಅಡುಗೆಮನೆ ಸೋರಿತು. ಖಾಲಿಯಾದ ಭರಣಿ ಸೋರುವ ಜಾಗದ ಕೆಳಗೆ ನಿಂತಿತು.

2025ರ ಬೇಸಿಗೆಯಲ್ಲಿ ಅರವಟ್ಟಿಗೆ ನಡೆಯಿತು. ತೆಂಗಿನ ಗರಿಯ ಚಪ್ಪರ, ನಲ್ಲಿಯಿದ್ದ ಎರಡು ದೊಡ್ಡ ಮಣ್ಣಿನ ಮಡಕೆ, ನಾಲ್ಕು ಸ್ಟೀಲಿನ ಲೋಟ, ಬೆಳಗ್ಗೆ ಸಂಜೆ ನೀರು ತುಂಬುವ ಹುಡುಗನಿಗೆ ಕೂಲಿ. 6,445 ರೂಪಾಯಿ ಮೊದಲ ಮಳೆಯವರೆಗೆ ಸಾಲುವಷ್ಟಾಯಿತು. ಯಾರ ಹೆಸರಿನ ಫಲಕವನ್ನೂ ಹಾಕಲಿಲ್ಲ. ಫಲಕ ಹಾಕಿಸಬೇಕೆಂದು ಮಗನು ಹೇಳಿದಾಗ ತಾಯಿ, ಸಾಲ ತೀರಿಸಿದವರು ಬೋರ್ಡು ಹಾಕ್ತಾರೇನಪ್ಪ ಎಂದು ಕೇಳಿದರಂತೆ.

ಸದ್ಭಕ್ತರು ತಮ್ಮ ಮನೆಗಳಲ್ಲಿಯೂ ಇಂಥ ಭರಣಿ, ಡಬ್ಬಿ, ಹುಂಡಿಗಳನ್ನು ಕಾಣುತ್ತಾರೆ. ಅವುಗಳ ವಿಷಯದಲ್ಲಿ ಎರಡು ಮಾತು. ಮೊದಲನೆಯದು ವ್ಯವಹಾರದ್ದು. ನಾಣ್ಯಗಳನ್ನು ಬೆಲೆಗನುಗುಣವಾಗಿ ವಿಂಗಡಿಸಿ, ನೂರರ ಪೊಟ್ಟಣಗಳನ್ನು ಮಾಡಿ, ಬ್ಯಾಂಕಿನಲ್ಲಿ ದಟ್ಟಣೆ ಕಡಿಮೆಯಿರುವ ವೇಳೆಯಲ್ಲಿ ಒಯ್ಯುವುದು ಉತ್ತಮ. ಚಿಲ್ಲರೆ ಬೇಕಾದ ತರಕಾರಿಯವರಿಗೋ, ಚಹಾದಂಗಡಿಯವರಿಗೋ ಕೊಟ್ಟು ಸರಿಸಮನಾದ ನೋಟನ್ನು ಪಡೆಯುವುದೂ ಒಳ್ಳೆಯ ದಾರಿ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆಂದು ಮುಂಗಡ ಹಣ ಕೇಳುವವರನ್ನು ನಂಬಬಾರದು. ಸಲ್ಲುವ ನಾಣ್ಯವನ್ನು ಕರಗಿಸುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧವೆಂಬುದನ್ನೂ ಮರೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಭರಣಿ ತುಂಬುವವರೆಗೆ ಕಾಯಬಾರದು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಅದರ ಪ್ರತಿನಿಧಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನಾದರೂ ಪಡೆದು ಹೋಗುತ್ತಿದ್ದನು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಅದು ಕಲಿಸಿದ ಪಾಠ ಹಳತಾಗಿಲ್ಲ: ಬಡವನ ಎರಡಾಣೆಯೂ ಅಂದಂದೇ ಮನೆಯಿಂದ ಹೊರಟರೆ ನಾಲ್ಕು ಜನರ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಮಲಗಿದ ನಾಣ್ಯ ಯಾರಿಗೂ ಆಗುವುದಿಲ್ಲ.

ಎರಡನೆಯ ಮಾತು ಅಂತರಂಗದ್ದು. ಭರಣಿಯನ್ನು ಸುರಿಯುವ ಮುನ್ನ, ಇದರಲ್ಲಿ ನಮ್ಮ ಕಾಯಕದ ಉಳಿತಾಯವೆಷ್ಟು, ಪರರಿಗೆ ಸಲ್ಲಬೇಕಾದದ್ದೆಷ್ಟು ಎಂದು ಒಮ್ಮೆ ಕೇಳಿಕೊಳ್ಳಬೇಕು. ಕೆಲಸದವಳಿಗೆ ನಾಳೆ ಕೊಡುತ್ತೇನೆಂದ ಐವತ್ತು ರೂಪಾಯಿ, ಆಟೊದವನಿಗೆ ಚಿಲ್ಲರೆಯಿಲ್ಲವೆಂದು ಬಿಟ್ಟ ಐದು ರೂಪಾಯಿ, ಅಂಗಡಿಯವನು ತಪ್ಪಿ ಹೆಚ್ಚಾಗಿ ಕೊಟ್ಟ ಹತ್ತು ರೂಪಾಯಿ ಇವೆಲ್ಲ ಸದ್ದಿಲ್ಲದೆ ನಮ್ಮ ಭರಣಿಗೆ ಬಿದ್ದಿರುತ್ತವೆ. ಅವುಗಳ ಒಡೆಯರು ಬದುಕಿರುವಾಗ, ಅವುಗಳಿಗೆ ಬೆಲೆಯಿರುವಾಗ ಹಿಂದಿರುಗಿಸಿದರೆ ಅದು ಸತ್ಯಶುದ್ಧ ಕಾಯಕ. ಬೈಲಕುಪ್ಪೆಯ ಆ ಮನೆಯ ಗೂಡಿನಲ್ಲಿ 524 ಸತ್ತ ನಾಣ್ಯಗಳು ಒಂದು ಬಟ್ಟೆಯ ಗಂಟಿನಲ್ಲಿ ಈಗಲೂ ಇವೆ. ರಜೆಗೆ ಬಂದಾಗಲೆಲ್ಲ ಮೊಮ್ಮಗಳು ಅದನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿಡುತ್ತಾಳೆ. ಆಮೇಲೆ ಬೀದಿಯ ಅಂಗಡಿಗೆ ಹೋಗಿ, ಹಿಂದಿನ ಸಲ ಉಳಿದ ಬಾಕಿ ಇದ್ದರೆ ಕೊಟ್ಟು ಬರುತ್ತಾಳೆ.